ಭಾರ ಇಳಿಸಿದ ಮೇಲೆ ಬಾಸ್ ಸೋತಿತು

ಎಲ್ಡನ್ ರಿಂಗ್ ಎಂಬ ವಿಡಿಯೊ ಗೇಮ್‌ನಲ್ಲಿ ಮೂರು ರಾತ್ರಿ ಒಂದೇ ಬಾಸ್ (ದೊಡ್ಡ ಶತ್ರು) ಕೈಲಿ ಸತ್ತೆ. ಏಟು ತಪ್ಪಿಸಿಕೊಳ್ಳಲು ಉರುಳುವ ಬಟನ್ ಸರಿಯಾದ ಹೊತ್ತಿಗೇ ಒತ್ತುತ್ತಿದ್ದೆ. ಆದರೂ ನನ್ನ ಯೋಧ ದೊಪ್ಪನೆ ಉರುಳಿ ಏಳುವಷ್ಟರಲ್ಲಿ ಮುಂದಿನ ಏಟು ಬಿದ್ದಿರುತ್ತಿತ್ತು. ಗಂಗಾವತಿಯ ನಮ್ಮ ರೂಮಿಗೆ ಬಂದ ಗೆಳೆಯ ನೋಡಿದವನೇ, "ಭತ್ತದ ಚೀಲ ಹೊತ್ತಂಗ ಉಳ್ಳಾಕತ್ತಾನಲ್ಲೋ, ಮೊದ್ಲು ತೂಕ ನೋಡು" ಅಂದ.

ಯೋಧ ಹೊರಬಲ್ಲ ಗರಿಷ್ಠ ತೂಕದಲ್ಲಿ ಕವಚ, ಆಯುಧಗಳ ಹೊರೆಯೇ ಶೇ. 74 ಇತ್ತು. ಈ ಆಟದಲ್ಲಿ ಶೇ. 70 ಮುಟ್ಟಿದರೆ ಉರುಳುವುದು ನಿಧಾನ, 69.9 ಇದ್ದರೂ ಸಾಕು, ವೇಗ ಬರುತ್ತದೆ. ಶೇ. 30ರ ಕೆಳಗೆ ಇನ್ನೂ ಚುರುಕು, ಆದರೆ ಅಷ್ಟಕ್ಕಾಗಿ ಕವಚ ಕಳಚಲು ನನಗೆ ಮನಸ್ಸಿಲ್ಲ. ಎದೆಗವಚ ಮುಟ್ಟಲಿಲ್ಲ. ಎಡಗೈಯ ಎರಡನೇ ಸ್ಲಾಟ್‌ನಲ್ಲಿ ಸುಮ್ಮನಿದ್ದ ಗುರಾಣಿ ತೆಗೆದೆ. ಬಳಸದಿದ್ದರೂ ಅದರ ತೂಕ ಲೆಕ್ಕಕ್ಕೆ ಬರುತ್ತದೆ. ಶೇ. 68ಕ್ಕೆ ಇಳಿಯಿತು. ಅದೇ ರಾತ್ರಿ ಬಾಸ್ ಬಿತ್ತು. ಈಗ ಲೆವೆಲ್ ಏರಿದಾಗಲೆಲ್ಲ ಸಿಗುವ ಪಾಯಿಂಟನ್ನು ಎಂಡ್ಯೂರೆನ್ಸ್ (ತಾಳಿಕೆ) ಎಂಬ ಗುಣಕ್ಕೇ ಹಾಕುತ್ತಿದ್ದೇನೆ, ಹೊರುವ ಶಕ್ತಿ ಬೆಳೆಯುವುದು ಅದರಿಂದಲೇ.