ಉದ್ದನೆಯ ಮಳಿಗೆಯಲ್ಲಿ ನಾಲ್ಕು ಕೋಣೆ: ಖಾಲಿ ಅಂಗಡಿಯನ್ನು ವಾಸಕ್ಕೆ ತಂದ ಬಗೆ

ಪೇಟೆ ನಡುವಿನ ಖಾಲಿ ಮಳಿಗೆ ನೋಡಿದವರೆಲ್ಲ ಮೊದಲು ಕೇಳುವುದು "ಎಷ್ಟು ಜನ ಇರಬಹುದು?" ಎಂದು. ಅಂಥದೊಂದನ್ನು ಹಲವರು ಹಂಚಿಕೊಂಡು ಇರುವ ಮನೆಯಾಗಿಸಿದ ನಾವು ಆ ಲೆಕ್ಕವನ್ನು ಕೊನೆಗೆ ಇಟ್ಟುಕೊಂಡೆವು. ಬೆಳಕು ಎಲ್ಲಿಂದ ಬರುತ್ತದೆ, ಕೊಳೆನೀರು ಎಲ್ಲಿಗೆ ಹೋಗುತ್ತದೆ, ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿ ಯಾವುದು, ಈ ಮೂರು ತೀರ್ಮಾನವಾದ ಮೇಲೆ ಹಾಸಿಗೆಗಳ ಸಂಖ್ಯೆ ತಾನಾಗಿಯೇ ಸಿಗುತ್ತದೆ. ಬಳಕೆ ಬದಲಾಯಿಸಲು ಬೇಕಾದ ಅನುಮತಿ, ವಿಮೆ, ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ಒಂದು ಮೊಳೆಯನ್ನೂ ಹೊಡೆಯಬಾರದು.

ಮಳಿಗೆ 6 ಮೀಟರ್ ಅಗಲ, 22 ಮೀಟರ್ ಉದ್ದ, 4 ಮೀಟರ್ ಎತ್ತರ. ಎರಡೂ ಪಕ್ಕದ ಗೋಡೆಗಳಾಚೆ ಬೇರೆ ಅಂಗಡಿಗಳು. ಹಾಗಾಗಿ ಬೆಳಕು ಬರುವುದು ಎದುರಿನ ಗಾಜಿನಿಂದ ಮತ್ತು ಹಿಂಬದಿಯಿಂದ ಮಾತ್ರ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ಒಳಕ್ಕೆ ಮಾತ್ರ ಕೆಲಸಕ್ಕೆ ಬರುವ ಬೆಳಕು ಹೋಗುತ್ತದೆ. ಮೇಲಂಚು 2.4 ಮೀಟರ್ ಎತ್ತರದಲ್ಲಿರುವ ಕಿಟಕಿಗೆ 5–6 ಮೀಟರ್, ಅಷ್ಟೇ. ನಡುವಿನ ಹತ್ತಾರು ಮೀಟರ್ ಹಗಲಲ್ಲೂ ಕತ್ತಲು. ಆ ಕತ್ತಲಲ್ಲಿ ಯಾರನ್ನೂ ಮಲಗಿಸಬಾರದು. ಬಾಡಿಗೆ ಕಡಿಮೆ ಎಂಬುದು ಅದಕ್ಕೆ ಸಬೂಬಲ್ಲ. ಇಂಗ್ಲೆಂಡಿನಲ್ಲಿ ಪೂರ್ಣ ಯೋಜನಾ ಅನುಮತಿ ಇಲ್ಲದೆಯೇ ಅಂಗಡಿ, ಕಚೇರಿಗಳನ್ನು ಮನೆಯಾಗಿಸಲು ಬಿಟ್ಟಾಗ ಕಿಟಕಿಯೇ ಇಲ್ಲದ ಕೋಣೆಗಳು ಹುಟ್ಟಿಕೊಂಡವು. ವಾಸದ ಕೋಣೆಗೆ ಸಾಕಷ್ಟು ಹಗಲು ಬೆಳಕು ಇರಲೇಬೇಕು ಎಂಬ ಷರತ್ತು ಸೇರಿದ್ದು 2020ರಲ್ಲಿ. ಅಷ್ಟರೊಳಗೆ ಕಟ್ಟಿದ್ದು ಕಟ್ಟಿಯಾಗಿತ್ತು.

ನಮ್ಮ ಹಂಚಿಕೆ ಹೀಗೆ: ಎದುರಿನ 5 ಮೀಟರ್ ಎಲ್ಲರೂ ಕೂರುವ ಕೋಣೆ. ನಡುವಿನ 7 ಮೀಟರಿನಲ್ಲಿ ಒಂದು ಪಕ್ಕ ಅಡುಗೆಮನೆ ಮತ್ತು ಉಗ್ರಾಣ, ಇನ್ನೊಂದು ಪಕ್ಕ ಎರಡು ಬಚ್ಚಲು ಮತ್ತು ಬಟ್ಟೆ ಒಗೆಯುವ ಜಾಗ. ಹಿಂದಿನ 10 ಮೀಟರಿನಲ್ಲಿ ಕೋಣೆಗಳು. ಒಂದು ಮೀಟರ್ ಅಗಲದ ಕಾರಿಡಾರ್ ಎದುರಿನ ಕೋಣೆಯಿಂದ ಹಿಂಬಾಗಿಲ ತನಕ ನೇರ ಹೋಗುತ್ತದೆ. ಹಿಂಗೋಡೆಗೆ ಅಂಟಿ ಎರಡು ಕೋಣೆ, ಒಂದೊಂದೂ 2.4 × 3.8 ಮೀಟರ್, ಅಂದರೆ 9 ಚದರ ಮೀಟರಿಗೆ ತುಸು ಹೆಚ್ಚು. ಇನ್ನೆರಡು ಕೋಣೆಗಳಿಗೆ ಹಿಂಗೋಡೆ ಸಿಗುವುದಿಲ್ಲ. ಹಿಂಭಾಗ ಒಂದೇ ಅಂತಸ್ತು ಇದ್ದುದರಿಂದ ಕಾರಿಡಾರಿನ ಎರಡೂ ಬದಿಗೆ 2.4 ಮೀಟರ್ ಚೌಕದ ಛಾವಣಿ ಕತ್ತರಿಸಿ ತೊಟ್ಟಿ (ಮೇಲೆ ತೆರೆದ ಒಳಅಂಗಳ) ಮಾಡಿ, ಆ ಕೋಣೆಗಳ ಕಿಟಕಿಗಳನ್ನು ತೊಟ್ಟಿಗೆ ತೆರೆದೆವು. ಎಲ್ಲಿ ಕತ್ತರಿಸಬಹುದು ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಗುರುತು ಹಾಕಿಕೊಟ್ಟ ಮೇಲೆಯೇ ಈ ಕೆಲಸ. ತೊಟ್ಟಿಯ ಗೋಡೆಗೆ ಬಿಳಿ ಸುಣ್ಣ ಬಳಿದರೆ ಬೆಳಕು ಕೆಳಗಿನ ತನಕ ಇಳಿಯುತ್ತದೆ.

ತೊಟ್ಟಿಯಲ್ಲಿ ಜನ ಮರೆಯುವುದು ಮಳೆಯನ್ನು. ಗಂಟೆಗೆ 50 ಮಿಲಿಮೀಟರ್ ಮಳೆ ಬಂದರೆ ಅಷ್ಟು ಚಿಕ್ಕ ಚೌಕಕ್ಕೂ 288 ಲೀಟರ್ ನೀರು ಬೀಳುತ್ತದೆ. ತೊಟ್ಟಿಯ ನೆಲ ಕೋಣೆಯ ನೆಲಕ್ಕಿಂತ 150 ಮಿಲಿಮೀಟರ್ ತಗ್ಗಿರಲಿ, ನೀರು ಹೋಗುವ ಬಾಯಿ ಎರಡಿರಲಿ. ಒಂದೇ ಇದ್ದರೆ ಒಂದು ಪ್ಲಾಸ್ಟಿಕ್ ಚೀಲ ಸಾಕು, ನೀರು ಹಾಸಿಗೆಯ ಕೆಳಗಿರುತ್ತದೆ.

ಕೊಳೆನೀರಿನ ಚೇಂಬರ್ ಹಿಂಬದಿಯಲ್ಲಿ, ಬಚ್ಚಲು ನಡುವಿನಲ್ಲಿ. ನಡುವೆ 12 ಮೀಟರ್. 110 ಮಿಲಿಮೀಟರ್ ಪೈಪಿಗೆ 60ಕ್ಕೆ 1ರಂತೆ ವಾಟ ಕೊಟ್ಟರೆ ಆ ದೂರಕ್ಕೆ 200 ಮಿಲಿಮೀಟರ್ ಇಳಿಯಬೇಕು. ಪೈಪಿನ ದಪ್ಪ, ಮೇಲಿನ ಕಾಂಕ್ರೀಟು ಸೇರಿಸಿದರೆ ಚೇಂಬರಿನೊಳಗೆ ಪೈಪಿನ ತಳ ನೆಲಮಟ್ಟದಿಂದ 400 ಮಿಲಿಮೀಟರ್‌ಗಿಂತ ಕೆಳಗಿರಬೇಕು. ಹಾಗಾಗಿ ನಕ್ಷೆ ಬಿಡಿಸುವ ಮೊದಲೇ ಚೇಂಬರ್ ಮುಚ್ಚಳ ಎತ್ತಿ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಅಳೆಯಿರಿ. ಪೈಪನ್ನು ಕಾರಿಡಾರಿನ ಕೆಳಗೇ ಒಯ್ಯಬೇಕು, ಕೋಣೆಯ ಕೆಳಗಲ್ಲ. ಕಟ್ಟಿಕೊಂಡಾಗ ಯಾರ ಮಂಚವನ್ನೂ ಎತ್ತಿಸದೆ ಸರಿಪಡಿಸಬಹುದು. ಪ್ರತಿ ತಿರುವಿನಲ್ಲೂ ತೆರೆದು ಶುಚಿ ಮಾಡುವ ಬಾಯಿ ಬೇಕು. ಆಳ ಸಾಲದಿದ್ದರೆ ಅರೆದು ಮೇಲೆತ್ತುವ ಪಂಪು ಹಾಕಿ ಎನ್ನುವವರಿದ್ದಾರೆ. ಹಲವರು ಬಳಸುವ ಕಮೋಡಿಗೆ ಅದು ಬೇಡ. ಒಂದು ಒದ್ದೆ ಟಿಶ್ಯೂ ಸಿಕ್ಕಿಕೊಂಡರೂ, ಕರೆಂಟು ಹೋದರೂ ನಿಲ್ಲುತ್ತದೆ. ಅದರ ಬದಲು ಬಚ್ಚಲಿನ ನೆಲವನ್ನೇ ಒಂದು ಮೆಟ್ಟಿಲು ಎತ್ತರಿಸುವುದು ವಾಸಿ.

ನೆಲದ ತೇವ ನೋಡಲು ಸುಲಭದ ದಾರಿ ಇದೆ. ಅರ್ಧ ಮೀಟರ್ ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಬಿಗಿದು ಮರುದಿನ ಬಿಚ್ಚಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಕೆಳಗಿನ ಕಾಂಕ್ರೀಟು ಕಪ್ಪಾಗಿದ್ದರೆ ತೇವ ಏರುತ್ತಿದೆ ಎಂದರ್ಥ. ಅದರ ಮೇಲೆ ವಿನೈಲ್ ಹಾಸಿದರೆ ಕೆಲವು ತಿಂಗಳಲ್ಲಿ ಉಬ್ಬಿ ಎದ್ದು ನಾರುತ್ತದೆ. ಹಳೆಯ ಸೀಲಿಂಗ್ ಶೀಟು, ನೆಲದ ಟೈಲು, ಪೈಪಿನ ಸುತ್ತುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಪರೀಕ್ಷೆ ಮಾಡಿಸದೆ ಕೊರೆಯಬೇಡಿ, ಒಡೆಯಬೇಡಿ.

ಈಗ ಗೋಡೆಗಳು. ಹಂಚಿಕೊಂಡ ಮನೆಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಸದ್ದಿನಿಂದ. 70 ಮಿಲಿಮೀಟರ್ ಉಕ್ಕಿನ ಚೌಕಟ್ಟು, 600 ಮಿಲಿಮೀಟರಿಗೊಂದು ಕಂಬಿ, ಒಳಗೆ ಸದ್ದು ಹೀರುವ 50 ಮಿಲಿಮೀಟರ್ ರಾಕ್‌ವುಲ್, ಎರಡೂ ಮುಖಕ್ಕೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡು ಎರಡೆರಡು ಪದರ. ಮೊದಲ ಪದರದ ಜೋಡಣೆಯ ಗೆರೆ ಎರಡನೆಯದರ ಗೆರೆಯ ಕೆಳಗೆ ಬರಬಾರದು. ಅಂಗಡಿಗಳಲ್ಲಿ ಫಾಲ್ಸ್ ಸೀಲಿಂಗ್ ಇರುತ್ತದೆ. ಗೋಡೆಯನ್ನು ಅಲ್ಲಿಗೇ ನಿಲ್ಲಿಸಿದರೆ ಸದ್ದು ಮೇಲಿನಿಂದ ದಾಟುತ್ತದೆ, ಹೊಗೆಯೂ ದಾಟುತ್ತದೆ. ಸೀಲಿಂಗ್ ಪೂರ್ತಿ ಕಿತ್ತು ಗೋಡೆಯನ್ನು ಮೇಲಿನ ಸ್ಲ್ಯಾಬಿಗೆ ಮುಟ್ಟಿಸಬೇಕು. ಎರಡು ಕೋಣೆಗಳ ಸ್ವಿಚ್ ಬಾಕ್ಸುಗಳನ್ನು ಬೆನ್ನಿಗೆ ಬೆನ್ನು ಕೂರಿಸಬಾರದು, ನಡುವೆ ಒಂದು ಕಂಬಿಯಾದರೂ ಇರಲಿ. ಬಣ್ಣಕ್ಕೆ ಮೊದಲು ದೀಪ ಆರಿಸಿ ಒಬ್ಬರು ಒಂದು ಕೋಣೆಯಿಂದ ಅಂಚುಗಳ ಉದ್ದಕ್ಕೂ ಟಾರ್ಚ್ ಹಿಡಿಯುತ್ತಾ ಹೋಗಿ, ಇನ್ನೊಬ್ಬರು ಪಕ್ಕದ ಕೋಣೆಯ ಕತ್ತಲಲ್ಲಿ ನಿಂತು ನೋಡಿ. ಕೂದಲಿನಷ್ಟು ಬೆಳಕು ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಬೆಂಕಿ ತಡೆಯುವ ಸೀಲೆಂಟ್ ತುಂಬಿ.

ಬೆಂಕಿ ಬಿದ್ದಾಗ ಓಡುವ ದಾರಿಯಾದ ಕಾರಿಡಾರ್ ಅಡುಗೆಮನೆಯೊಳಗಿಂದ ಹಾದುಹೋಗಬಾರದು. ಕೋಣೆ, ಅಡುಗೆಮನೆಗಳಿಗೆಲ್ಲ 30 ನಿಮಿಷ ಬೆಂಕಿ ತಡೆಯುವ ಬಾಗಿಲು, ತಾನೇ ಮುಚ್ಚಿಕೊಳ್ಳುವ ಕ್ಲೋಸರ್, ಒಳಗಿನಿಂದ ಕೀಲಿ ಇಲ್ಲದೆ ತೆರೆಯುವ ಬೀಗ. ಜನ ಈ ಬಾಗಿಲಿಗೆ ಇಟ್ಟಿಗೆ ಒತ್ತಿ ತೆರೆದಿಡುತ್ತಾರೆ. ಒಳಗೆ ಗಾಳಿ ಇಲ್ಲ ಅಂತಲೇ ಹಾಗೆ ಮಾಡುವುದು. ಗದರುವುದಕ್ಕಿಂತ ಗಾಳಿ ಕೊಡುವುದು ಮೇಲು. ಅಡುಗೆಮನೆಗೆ ಶಾಖ ಗುರುತಿಸುವ ಅಲಾರಂ, ಉಳಿದೆಡೆ ಹೊಗೆಯದು. ಒಂದು ಕೂಗಿದರೆ ಎಲ್ಲವೂ ಕೂಗಬೇಕು. ರೋಲಿಂಗ್ ಶಟರನ್ನು ಕಿತ್ತೇ ಹಾಕಿ. ಕರೆಂಟು ಹೋದಾಗ ವಿದ್ಯುತ್ ಶಟರ್ ಮುಚ್ಚಿದ್ದರೆ ಎದುರಿನ ದಾರಿಯೇ ಇಲ್ಲ. 4 ಮೀಟರ್ ಎತ್ತರ ನೋಡಿ ಅಟ್ಟ ಹಾಕಿ ಮೇಲೊಬ್ಬರನ್ನು ಮಲಗಿಸುವ ಆಸೆ ಹುಟ್ಟುತ್ತದೆ. ಹೊಗೆ ಮೊದಲು ತುಂಬುವುದು ಅಲ್ಲೇ. ಅಟ್ಟ ಪೆಟ್ಟಿಗೆಗಳಿಗೆ ಮಾತ್ರ.

ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಸೆಕೆಂಡಿಗೆ 15 ಲೀಟರ್, ಒಲೆಯ ಮೇಲಿನದು 30 ಲೀಟರ್ ಗಾಳಿ ಎಳೆಯಬೇಕು, ಎರಡರ ಕೊಳವೆಯೂ ಕಟ್ಟಡದ ಹೊರಗೇ ತೆರೆಯಬೇಕು. ಬಚ್ಚಲಿನ ಬಾಗಿಲ ಕೆಳಗೆ 10 ಮಿಲಿಮೀಟರ್ ಸಂದು ಬಿಡದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ.

230 ವೋಲ್ಟಿನಲ್ಲಿ 40 ಆಂಪಿಯರ್ ಸಂಪರ್ಕ ಎಂದರೆ 9.2 ಕಿಲೋವ್ಯಾಟ್. ಬೆಳಗ್ಗೆ 2 ಕಿಲೋವ್ಯಾಟಿನ ಎರಡು ಇಂಡಕ್ಷನ್ ಒಲೆ, ಅಷ್ಟೇ ಸಾಮರ್ಥ್ಯದ ಎರಡು ಗೀಸರ್, ನೀರು ಕಾಯಿಸುವ ಒಂದು ವಾಷಿಂಗ್ ಮೆಷಿನ್ ಸೇರಿದರೆ 10 ದಾಟಿ ಮೇನ್ ಟ್ರಿಪ್ ಆಗಬಹುದು. ಗೀಸರುಗಳಿಗೆ ಟೈಮರ್ ಹಾಕಿ ಬೆಳಗಿನ ಜಾವಕ್ಕೇ ಕಾಯಿಸಿಟ್ಟರೆ ಹೊಸ ಸಂಪರ್ಕ ಬೇಕಿಲ್ಲ. ಪ್ರತಿ ಕೋಣೆಗೂ ಬೇರೆ ಸರ್ಕ್ಯೂಟ್, ಬೇರೆ ಸಬ್‌ಮೀಟರ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅಡುಗೆ, ಬಚ್ಚಲು, ಕಾರಿಡಾರಿನ ಬಿಲ್ಲನ್ನು ಸಮನಾಗಿ ಹಂಚಿ.

ಮೇಲಂತಸ್ತು ಖಾಲಿ ಇದ್ದರೆ ಅದಕ್ಕೆ ಹೆಚ್ಚಾಗಿ ಕಾರಣ ಮೆಟ್ಟಿಲು ಅಂಗಡಿಯೊಳಗಿರುವುದು. ಮಳಿಗೆಯ ಎದುರಿನಲ್ಲಿ 1.1 ಮೀಟರ್ ಪಟ್ಟಿ ಬಿಟ್ಟುಕೊಟ್ಟು ಬೀದಿಗೆ ಬೇರೆ ಬಾಗಿಲು ಇಟ್ಟರೆ ಮೇಲಿನ ಜಾಗ ವಾಸಕ್ಕೆ ಸಿಗುತ್ತದೆ, ಕೆಳಗೆ ಅಂಗಡಿ ನಡೆಯಬಹುದು. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ 1828ರ ಆರ್ಕೇಡ್ ಮಳಿಗೆ ಸಂಕೀರ್ಣವನ್ನು 2013ರಲ್ಲಿ ಮತ್ತೆ ತೆರೆದಾಗ ಮಾಡಿದ್ದೂ ಇದೇ: ಕೆಳಗೆ ಅಂಗಡಿ, ಮೇಲೆ ಪುಟ್ಟ ಮನೆಗಳು.

ಮಾಲೀಕರೊಂದಿಗಿನ ಗುತ್ತಿಗೆ ಕರಾರಿನಲ್ಲಿ ಖರ್ಚು ಒಡೆದು ಬರೆಸಿಕೊಳ್ಳಿ. ಡ್ರೈನ್, ತೊಟ್ಟಿ, ತೇವದ ಕೆಲಸ ಕಟ್ಟಡಕ್ಕೇ ಉಳಿಯುವಂಥವು, ಅವು ಮಾಲೀಕರ ಪಾಲಿಗೆ. ಬಿಚ್ಚಿ ಒಯ್ಯಬಹುದಾದ ಪಾರ್ಟಿಷನ್, ಅಡುಗೆ ಕಟ್ಟೆ, ಗೀಸರ್ ನಮ್ಮ ಪಾಲಿಗೆ.

ಜನ ಬರುವ ಮುನ್ನ ಒಂದು ರಾತ್ರಿ ಎಲ್ಲ ನಲ್ಲಿ ತೆರೆದು, ಎರಡೂ ಕಮೋಡ್ ಒಟ್ಟಿಗೆ ಫ್ಲಶ್ ಮಾಡಿ, ಎರಡೂ ಒಲೆ ಹಚ್ಚಿ, ಅಲಾರಂ ಕೂಗಿಸಿ ನೋಡಿ. ಬಾಗಿಲು ಹಾಕಿದ ಹಿಂಗೋಣೆಯಲ್ಲಿ ಮಲಗಿದವರಿಗೆ ಆ ಕೂಗು ಎಚ್ಚರವಾಗುವಷ್ಟು ಕೇಳದಿದ್ದರೆ ಆ ಕೋಣೆಯೊಳಗೇ ಇನ್ನೊಂದು ಅಲಾರಂ ಹಾಕಿಸಿ.