ಬೇ ಏರಿಯಾಗೆ ಹೊಸದಾಗಿ ಬಂದವರಿಗೆ: ಮನಸ್ಸು ಸೋತಾಗ ಯಾರ ಹತ್ತಿರ ಹೋಗುವುದು?

ಬಾಡಿಗೆ ಮನೆ, ಸ್ಕೂಲು, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಿಕೊಡಲು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿದ್ದೆ ಬರುತ್ತಿಲ್ಲ, ಸುಮ್ ಸುಮ್ನೆ ಅಳು ಬರುತ್ತದೆ ಎಂದರೆ ದಾರಿ ತೋರಿಸುವವರು ಕಡಿಮೆ. ಈ ವಿಷಯದಲ್ಲಿ ಫಿಲಿಪೀನ್ಸ್ ದೇಶದ ಮೂಲದ ನಮ್ಮ ಫಿಲಿಪಿನೋ ನೆರೆಯವರಿಂದ ಕಲಿಯುವುದು ಬಹಳ ಇದೆ.

ಸ್ಯಾನ್ ಫ್ರಾನ್ಸಿಸ್ಕೋಗೆ ಅಂಟಿಕೊಂಡಿರುವ ಡೇಲಿ ಸಿಟಿಯಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಫಿಲಿಪಿನೋ. 1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ನರ್ಸ್‌ಗಳಾಗಿ ಬಂದವರು ಅವರಲ್ಲಿ ಬಹಳ. ಊರಿಗೆ ದುಡ್ಡು ಕಳಿಸಬೇಕು, ದೊಡ್ಡವರ ಮಾತು ಮೀರಬಾರದು, ನಾಲ್ಕು ಜನ ಏನಂತಾರೋ ಎಂಬ ಅಂಜಿಕೆ ಬೇರೆ. ಕಷ್ಟ ಬಂದರೆ ಮೊದಲು ಚರ್ಚು, ಆಮೇಲೆ ಮನೆಯವರು, ಡಾಕ್ಟರು ಕೊನೆಗೆ. ನಮ್ಮಲ್ಲೂ ಹೀಗೇ ಅಲ್ವಾ?

ಅವರು ಒಂದು ಕೆಲಸ ಮಾಡಿದರು. ಪಶ್ಚಿಮದ ಮನಶ್ಶಾಸ್ತ್ರ ಹೇಳಿದ್ದನ್ನು ಹಾಗೇ ಒಪ್ಪಲಿಲ್ಲ. 1970ರ ದಶಕದಲ್ಲಿ ಫಿಲಿಪೀನ್ಸ್ ವಿಶ್ವವಿದ್ಯಾಲಯದ ವರ್ಜಿಲಿಯೋ ಎನ್ರಿಕೆಜ್ 'ಸಿಕೊಲೊಹಿಯಾಂಗ್ ಪಿಲಿಪಿನೋ', ಅಂದರೆ ಫಿಲಿಪಿನೋ ಮನಶ್ಶಾಸ್ತ್ರ ಎಂಬ ತಮ್ಮದೇ ಚಿಂತನೆ ಕಟ್ಟಿದರು. ಮನುಷ್ಯನನ್ನು ಅವನ ಜನರಿಂದ ಬಿಡಿಸಿ ನೋಡಬಾರದು ಎಂಬುದು ಅದರ ತಿರುಳು. ಪ್ರಶ್ನೆಪಟ್ಟಿ ಹಿಡಿದು ಕೂರುವ ಬದಲು ಮಾತುಕತೆ, ಒಡನಾಟದಿಂದ ಶುರು ಮಾಡು ಎನ್ನುತ್ತದೆ. ಮುಂದೆ ಅಮೆರಿಕದಲ್ಲಿ ಫಿಲಿಪಿನೋ ಮೂಲದ ಮನಶ್ಶಾಸ್ತ್ರಜ್ಞ ಇ. ಜೆ. ಆರ್. ಡೇವಿಡ್ ಅವರು, ಪರರ ಆಳ್ವಿಕೆ ಕಂಡ ಜನ ತಮ್ಮದೆಲ್ಲ ಕೀಳು ಎಂದುಕೊಂಡು ಒಳಗೇ ಕುಗ್ಗುವುದನ್ನು ಅಧ್ಯಯನ ಮಾಡಿದರು.

ಇದನ್ನೆಲ್ಲ ತಿಳಿದ ಥೆರಪಿಸ್ಟ್ "ಊರಿಗೆ ದುಡ್ಡು ಕಳಿಸೋದು ನಿಲ್ಲಿಸಿ" ಎನ್ನುವುದಿಲ್ಲ. ಎಷ್ಟು ಕಳಿಸಿದರೆ ನಿಮಗೂ ಉಸಿರಾಡಲು ಆಗುತ್ತದೆ ಎಂದು ನಿಮ್ಮ ಜೊತೆ ಕೂತು ಯೋಚಿಸುತ್ತಾರೆ. ತಲೆನೋವು, ಎದೆ ಭಾರ ಎಂದರೂ ಅದರ ಹಿಂದಿನ ದುಃಖ ಕೇಳಿಸಿಕೊಳ್ಳುತ್ತಾರೆ. ದೇವರ ಮೇಲಿನ ನಂಬಿಕೆಯನ್ನು ಆಸರೆ ಎಂದೇ ತಿಳಿಯುತ್ತಾರೆ. ನೀವು ಹುಡುಕಬೇಕಾದದ್ದು ಇಂಥವರನ್ನು.

ಅವರು ಕನ್ನಡದವರೇ ಆಗಬೇಕಿಲ್ಲ. ಕನ್ನಡ ಕೂಟದಲ್ಲಿ ಎದುರಾಗುವವರ ಹತ್ತಿರ ಮನೆ ವಿಷಯ ಹೇಳಲು ಎಷ್ಟೋ ಜನರಿಗೆ ಮುಜುಗರ. ಅದು ಸಹಜ. ಮೊದಲ ಫೋನಿನಲ್ಲೇ ಕೇಳಿ: ವಲಸೆ ಬಂದ ಕುಟುಂಬಗಳ ಜೊತೆ ಕೆಲಸ ಮಾಡಿದ್ದೀರಾ? ಅತ್ತೆ ಮಾವ ನಮ್ಮ ಜೊತೆಗೇ ಇರುವುದನ್ನು ಹೇಗೆ ನೋಡುತ್ತೀರಿ? ಗಂಡನ ಅಥವಾ ಹೆಂಡತಿಯ ಕೆಲಸದ ವೀಸಾ ಆಧರಿಸಿ ಸಿಗುವ ಎಚ್-4 ವೀಸಾದಲ್ಲಿ ಕೆಲಸವಿಲ್ಲದೆ ಮನೆಯಲ್ಲಿರುವವರ ಒಂಟಿತನ ಗೊತ್ತಾ? ಉತ್ತರ ಹಾರಿಕೆಯದಾಗಿದ್ದರೆ ಬೇರೆಯವರನ್ನು ನೋಡಿ. ಎರಡು ಮೂರು ಸಲ ಹೋದಮೇಲೂ ಬದಲಾಯಿಸಬಹುದು.

ಮಾತ್ರೆ ಬರೆಯುವುದು ಸೈಕಿಯಾಟ್ರಿಸ್ಟ್. ಮಾತಿನ ಚಿಕಿತ್ಸೆಗೆ ಹೆಚ್ಚಾಗಿ ಸೈಕಾಲಜಿಸ್ಟ್ ಅಥವಾ ಲೈಸೆನ್ಸ್ ಇರುವ ಥೆರಪಿಸ್ಟ್. ಖರ್ಚಿನ ಚಿಂತೆಯಿದ್ದರೆ ಕಂಪನಿಯಲ್ಲಿ ಇಎಪಿ (ಉದ್ಯೋಗಿಗಳಿಗೆ ಕಂಪನಿ ಕೊಡಿಸುವ ಕೌನ್ಸೆಲಿಂಗ್ ನೆರವು) ಇದೆಯಾ ಕೇಳಿ, ಇದ್ದರೆ ಮೊದಲ ಕೆಲವು ಭೇಟಿ ಸಾಮಾನ್ಯವಾಗಿ ಉಚಿತ. ಆದಾಯ ನೋಡಿ ಶುಲ್ಕ ಇಳಿಸುವವರೂ ಇದ್ದಾರೆ.

ಹೇಳಿದ್ದು ಹೊರಗೆ ಹೋಗುತ್ತಾ? ಗುಟ್ಟು ಕಾಪಾಡುವುದು ಅವರ ಮೇಲಿನ ಕಾನೂನಿನ ಹೊಣೆ. ಜೀವಕ್ಕೆ ಅಪಾಯ, ಮಕ್ಕಳ ಅಥವಾ ವಯಸ್ಸಾದವರ ಮೇಲಿನ ಹಿಂಸೆಯಂಥ ಸಂದರ್ಭದಲ್ಲಿ ಮಾತ್ರ ಬೇರೆ ನಿಯಮ. ಕೌನ್ಸೆಲಿಂಗ್‌ಗೆ ಹೋದ ಮಾತ್ರಕ್ಕೆ ಗ್ರೀನ್ ಕಾರ್ಡ್ ತಪ್ಪುವುದಿಲ್ಲ. ಈ ಭಯದಿಂದಲೇ ಸುಮ್ಮನೆ ನರಳುವವರನ್ನು ನೋಡಿದರೆ ನನಗೆ ತುಂಬಾ ಸಂಕಟ.

ಬಾಣಂತನಕ್ಕೆ ಬಂದ ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ದುಭಾಷಿ ಬೇಕೆಂದು ಮೊದಲೇ ಹೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಅದನ್ನು ಉಚಿತವಾಗಿ ಒದಗಿಸಬೇಕು. ದೊಡ್ಡ ಮಗುವನ್ನು ದುಭಾಷಿ ಮಾಡಬೇಡಿ. ಅಜ್ಜಿಯ ದುಃಖ ಹೊರುವ ವಯಸ್ಸಲ್ಲ ಅದು.

ಸಾಯುವ ಯೋಚನೆ ಬಂದರೆ ಹಗಲಾಗಲಿ ರಾತ್ರಿಯಾಗಲಿ 988 ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಮೆಸೇಜ್ ಕಳಿಸಿ. ಫೋನಿನಲ್ಲಿ ದುಭಾಷಿ ಬೇಕೆಂದು ಕೇಳಬಹುದು. ವೀಸಾ ಯಾವುದೇ ಇರಲಿ, ಕರೆ ಮಾಡಬಹುದು.