ನೆರೆನಾಡಿನ ಜನಾಂಗೀಯ ಯುದ್ಧವೂ ನಮ್ಮ ವಿದೇಶಾಂಗ ನೀತಿಯೂ: ಶ್ರೀಲಂಕಾ ಪ್ರಕರಣವನ್ನು ಅಭ್ಯಾಸ ಮಾಡುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವವರಿಗೂ ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗಳಿಗೆ ತಯಾರಿ ನಡೆಸುವವರಿಗೂ ಶ್ರೀಲಂಕಾದ ಸಿಂಹಳ–ತಮಿಳು ಜನಾಂಗೀಯ ಸಂಘರ್ಷ ಮತ್ತು ಭಾರತದ ವಿದೇಶಾಂಗ ನೀತಿ ಎಂಬ ವಿಷಯ ಒಂದಲ್ಲ ಒಂದು ಸಲ ಎದುರಾಗುತ್ತದೆ. ಹೆಚ್ಚಿನವರು 1983, 1987, 1991, 2009 ಎಂದು ಇಸವಿಗಳನ್ನು ಸಾಲಾಗಿ ಬರೆದು ಉತ್ತರ ಮುಗಿಸುತ್ತಾರೆ. ಇಸವಿಗಳೇನೋ ಸರಿಯಾಗಿಯೇ ಇರುತ್ತವೆ. ಆದರೆ 1987ರಲ್ಲಿ ಸೈನ್ಯ ಕಳುಹಿಸಿದ ಭಾರತ 2000ದಲ್ಲಿ ಕೊಲಂಬೊ ನೆರವು ಕೇಳಿದಾಗ ಸೈನ್ಯವನ್ನು ಕಳುಹಿಸಲು ಒಪ್ಪಲಿಲ್ಲವೇಕೆ, 2009ರಲ್ಲಿ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕುಗಳ ಮಂಡಳಿಯಲ್ಲಿ ಕೊಲಂಬೊ ಪರ ನಿಂತು 2012ರಲ್ಲಿ ವಿರುದ್ಧ ಮತ ಹಾಕಿದ್ದೇಕೆ ಎಂಬ ಪ್ರಶ್ನೆಗಳಿಗೆ ಅಂಥ ಉತ್ತರದಲ್ಲಿ ಜಾಗವೇ ಇರುವುದಿಲ್ಲ.

ನಾನು ಸೂಚಿಸುವ ಕ್ರಮ ಹೀಗಿದೆ. ಭಾರತ ಸರ್ಕಾರದ ಒಂದೊಂದು ನಿರ್ಧಾರವನ್ನೂ ಬೇರೆಬೇರೆಯಾಗಿ ಎತ್ತಿಕೊಂಡು, ಆ ಹೊತ್ತಿಗೆ ತಮಿಳುನಾಡಿನ ರಾಜಕೀಯದ ಒತ್ತಡ ಎಷ್ಟಿತ್ತು, ಹೊರಗಿನ ಯಾವ ದೇಶ ಲಂಕೆಯಲ್ಲಿ ಕಾಲೂರಲು ನೋಡುತ್ತಿತ್ತು, ಅಲ್ಲಿ ಪ್ರತ್ಯೇಕ ರಾಷ್ಟ್ರವೊಂದು ಹುಟ್ಟಿದರೆ ನಮ್ಮಲ್ಲೇ ಏನಾದೀತೆಂಬ ಅಂಜಿಕೆ ಎಷ್ಟಿತ್ತು ಎಂದು ಕೇಳಿಕೊಳ್ಳಬೇಕು. ಮೊದಲೆರಡಕ್ಕೆ ಪುರಾವೆ ಬೇಕಾದಷ್ಟು ಸಿಗುತ್ತದೆ. ಮೂರನೆಯದನ್ನು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ತಮಿಳರ ಹಕ್ಕುಗಳಿಗಾಗಿ ಅಷ್ಟೊಂದು ಮಾತನಾಡಿದ ಭಾರತ ಒಮ್ಮೆಯೂ ಈಳಂ ಎಂಬ ಪ್ರತ್ಯೇಕ ತಮಿಳು ರಾಷ್ಟ್ರವನ್ನು ಒಪ್ಪಲಿಲ್ಲ ಎಂಬುದನ್ನೂ, ಎಂಬತ್ತರ ದಶಕದಲ್ಲಿ ಪ್ರತ್ಯೇಕತಾವಾದದಿಂದ ಪಂಜಾಬ್ ಹೊತ್ತಿ ಉರಿಯುತ್ತಿತ್ತು ಎಂಬುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ಅಂಜಿಕೆ ತಾನಾಗಿಯೇ ಗೋಚರಿಸುತ್ತದೆ. ತಮಿಳರಿಗೆ ನ್ಯಾಯ ಸಿಗಬೇಕು, ಆದರೆ ಲಂಕೆ ಒಡೆಯಬಾರದು ಎಂಬ ಈ ಇಬ್ಬಂದಿಯೇ ಭಾರತದ ಇಡೀ ನೀತಿಯ ತಿರುಳೆಂದು ನಾನು ಭಾವಿಸುತ್ತೇನೆ.

1983ಕ್ಕಿಂತ ಹಿಂದಿನಿಂದ ಹೊರಡಿ

1983ರ ಜುಲೈ 23ರಂದು ಉತ್ತರ ಲಂಕೆಯ ಜಾಫ್ನಾದಲ್ಲಿ ಪ್ರತ್ಯೇಕ ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ತಮಿಳು ಸಶಸ್ತ್ರ ಗುಂಪಾದ ಎಲ್‌ಟಿಟಿಇಯ ಹೊಂಚುದಾಳಿಗೆ 13 ಸೈನಿಕರು ಬಲಿಯಾದರು. ಅದರ ಬೆನ್ನಿಗೇ ಕೊಲಂಬೊ ಮತ್ತಿತರ ಕಡೆ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಯುದ್ಧದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಗುರುತಿಸುತ್ತಾರೆ. ಆದರೆ ಸ್ವಾತಂತ್ರ್ಯ ಬಂದ 1948ರಲ್ಲೇ ಅಲ್ಲಿನ ಪೌರತ್ವ ಕಾಯ್ದೆ ಚಹಾ ತೋಟಗಳ ಲಕ್ಷಾಂತರ ಕೂಲಿಕಾರ್ಮಿಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತ್ತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾಯಿತು, ತಮಿಳು ಪ್ರದೇಶಗಳಿಗೆ ಸ್ವಲ್ಪ ಅಧಿಕಾರ ಕೊಡಲು ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಗಂ ಮಾಡಿಕೊಂಡ 1957ರ ಒಪ್ಪಂದ ಮರುವರ್ಷವೇ ರದ್ದಾಯಿತು, 1972ರ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ನೀಡಿತು, 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟುಹಾಕಲಾಯಿತು. ಇವನ್ನು ಒಂದು ಪುಟದಲ್ಲಿ ಟಿಪ್ಪಣಿ ಮಾಡಿಕೊಂಡರೆ ಸಾಕು, ಮುಂದಿನದೆಲ್ಲ ಅರ್ಥವಾಗುತ್ತದೆ.

ಈ ಹಂತದಲ್ಲಿ ವಿದ್ಯಾರ್ಥಿಗಳು ಪದೇ ಪದೇ ಎಡವುವ ಜಾಗವೊಂದಿದೆ. ಶತಮಾನಗಳಿಂದ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿರುವ ತಮಿಳರು ಬೇರೆ, ಬ್ರಿಟಿಷರು ತೋಟದ ಕೆಲಸಕ್ಕೆಂದು ಭಾರತದಿಂದ ಕರೆದೊಯ್ದ, ಲಂಕೆಯ ಬೆಟ್ಟಪ್ರದೇಶದ ತಮಿಳರು ಬೇರೆ. ಈಳಂ ಹೋರಾಟ ಮುಖ್ಯವಾಗಿ ಮೊದಲಿನವರದು. ಭಾರತ–ಲಂಕಾ ನಡುವಿನ ಆರಂಭದ ಒಪ್ಪಂದಗಳು ಎರಡನೆಯವರ ಕುರಿತಾದವು. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದ ಪ್ರಕಾರ 5,25,000 ಜನರನ್ನು ಭಾರತ ಕರೆಸಿಕೊಳ್ಳಬೇಕಿತ್ತು, 3,00,000 ಜನರಿಗೆ ಲಂಕೆ ಪೌರತ್ವ ಕೊಡಬೇಕಿತ್ತು. ಹಾಗೆ ಮರಳಿ ಬಂದ ಕೆಲವು ಕುಟುಂಬಗಳಿಗೆ ಕರ್ನಾಟಕದಲ್ಲೇ, ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಕಲ್ಪಿಸಲಾಯಿತು. ಎಷ್ಟು ತಲೆಗಳು ನಿಮಗೆ, ಎಷ್ಟು ನಮಗೆ ಎಂದು ಎರಡು ರಾಜಧಾನಿಗಳು ಹಂಚಿಕೊಂಡ ಆ ಲೆಕ್ಕದಲ್ಲಿ ಆ ಜನರ ಅಭಿಪ್ರಾಯಕ್ಕೆ ಬೆಲೆಯೇ ಇರಲಿಲ್ಲ ಎಂಬುದನ್ನು ಉತ್ತರ ಬರೆಯುವಾಗ ಮರೆಯಬಾರದು.

1987ರ ಒಪ್ಪಂದವನ್ನು ಕೊನೆಯಿಂದ ಓದಿ

ಈ ವಿಷಯದಲ್ಲಿ ಒಂದೇ ಒಂದು ದಾಖಲೆ ಓದಲು ಸಮಯವಿದ್ದರೆ 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜೆ.ಆರ್. ಜಯವರ್ಧನೆ ಸಹಿ ಹಾಕಿದ ಒಪ್ಪಂದವನ್ನು ಓದಿ. ಅದರ ಪೂರ್ಣ ಪಠ್ಯ ಅಂತರಜಾಲದಲ್ಲಿ ಸುಲಭವಾಗಿ ದೊರೆಯುತ್ತದೆ. ಓದುವಾಗ ಮೊದಲು ಅದರ ಜೊತೆಗೆ ವಿನಿಮಯವಾದ ಪತ್ರಗಳಿಗೆ ಹೋಗಿ, ಆಮೇಲೆ ಮುಖ್ಯ ಪಠ್ಯಕ್ಕೆ ಬನ್ನಿ.

ಮುಖ್ಯ ಪಠ್ಯವು ಲಂಕೆಯನ್ನು ಹಲವು ಜನಾಂಗಗಳ, ಹಲವು ಭಾಷೆಗಳ ದೇಶವೆಂದು ಒಪ್ಪಿ, ಉತ್ತರ ಮತ್ತು ಪೂರ್ವ ಪ್ರಾಂತಗಳನ್ನು ತಾತ್ಕಾಲಿಕವಾಗಿ ಒಂದುಗೂಡಿಸಿ ಅಧಿಕಾರ ಹಂಚಿಕೆಯ ಭರವಸೆ ನೀಡುತ್ತದೆ. ಅಲ್ಲಿನ ಸಂವಿಧಾನದ 13ನೇ ತಿದ್ದುಪಡಿ ಮತ್ತು ಪ್ರಾಂತೀಯ ಮಂಡಳಿಗಳು ಬಂದದ್ದು ಇದರಿಂದಲೇ. ಪತ್ರಗಳ ಧಾಟಿಯೇ ಬೇರೆ. ಟ್ರಿಂಕೋಮಲಿ ಅಥವಾ ಇನ್ನಾವುದೇ ಬಂದರನ್ನು ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ಬೇರೆ ದೇಶದ ಸೈನಿಕ ಬಳಕೆಗೆ ಕೊಡಬಾರದು, ಟ್ರಿಂಕೋಮಲಿಯ ತೈಲ ಸಂಗ್ರಹಾಗಾರವನ್ನು ಭಾರತ ಮತ್ತು ಲಂಕೆ ಜಂಟಿಯಾಗಿ ದುರಸ್ತಿಮಾಡಿ ನಡೆಸಬೇಕು, ವಿದೇಶಿ ಸೇನಾ ಮತ್ತು ಬೇಹುಗಾರಿಕೆ ಸಿಬ್ಬಂದಿಯ ವಿಚಾರ ಇತ್ಯರ್ಥವಾಗಬೇಕು, ವಿದೇಶಿ ಪ್ರಸಾರ ಸಂಸ್ಥೆಗಳಿಗೆ ಕೊಟ್ಟ ಸೌಲಭ್ಯ ಸೇನಾ ಉದ್ದೇಶಕ್ಕೆ ಬಳಕೆಯಾಗದಂತೆ ನೋಡಿಕೊಳ್ಳಬೇಕು ಎಂಬುವು ಅಲ್ಲಿನ ವಿಷಯಗಳು. ತಮಿಳರ ಹೆಸರಿನಲ್ಲಿ ಆರಂಭವಾದ ಮಾತುಕತೆ ಬಂದರು ಮತ್ತು ತೈಲದ ಟ್ಯಾಂಕ್‌ಗಳವರೆಗೆ ಹೋಗಿ ತಲುಪಿದ್ದು ಆಗ ನಿಮಗೆ ಸ್ಪಷ್ಟವಾಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಆ ಟ್ಯಾಂಕ್‌ಗಳ ಕುರಿತ ಒಪ್ಪಂದ ಒಂದು ರೂಪಕ್ಕೆ ಬಂದದ್ದು 2022ರ ಜನವರಿಯಲ್ಲಿ, ಅಂದರೆ ಪತ್ರ ಬರೆದ ಮೂರೂವರೆ ದಶಕಗಳ ನಂತರ. 13ನೇ ತಿದ್ದುಪಡಿ ಇಂದಿಗೂ ಪೂರ್ಣವಾಗಿ ಜಾರಿಯಾಗಿಲ್ಲ. ಒಂದಾಗಿದ್ದ ಎರಡು ಪ್ರಾಂತಗಳನ್ನು ಲಂಕೆಯ ಸುಪ್ರೀಂ ಕೋರ್ಟಿನ 2006ರ ತೀರ್ಪು ಬೇರ್ಪಡಿಸಿತು.

ಒಪ್ಪಂದಕ್ಕೆ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ. 1983ರ ನಂತರ ಭಾರತದ ನೆಲದಲ್ಲೇ ತರಬೇತಿ ಪಡೆದಿದ್ದ ಗುಂಪುಗಳಲ್ಲಿ ಅದೂ ಒಂದು. 1987ರ ಅಕ್ಟೋಬರ್‌ನಿಂದ ಒಪ್ಪಂದ ಜಾರಿಗೊಳಿಸಲು ಹೋದ ಭಾರತೀಯ ಶಾಂತಿಪಾಲನಾ ಪಡೆ ಹೋರಾಡಬೇಕಾಗಿ ಬಂದದ್ದು ಅದರ ವಿರುದ್ಧವೇ. ಸುಮಾರು 1,200 ಯೋಧರು ಪ್ರಾಣ ತೆತ್ತರು. ಅತ್ತ ಅಧ್ಯಕ್ಷ ಪ್ರೇಮದಾಸ ಪಡೆ ಹಿಂತಿರುಗಲೇಬೇಕೆಂದು ಪಟ್ಟು ಹಿಡಿದರು, ಇತ್ತ 1990ರ ಮಾರ್ಚ್‌ನಲ್ಲಿ ಮರಳಿದ ಕೊನೆಯ ತುಕಡಿಗಳನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಆದೇಶ ಪಾಲಿಸಿ ಹೋಗಿ ಜೀವ ಕೊಟ್ಟವರಿಗೆ ಎರಡೂ ದಡಗಳಲ್ಲಿ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಸುತ್ತಲಿನ ದೇಶಗಳನ್ನು ಬಿಡಬೇಡಿ

ಪ್ರಶ್ನೆಯಲ್ಲಿ ಪ್ರಾದೇಶಿಕ ಎಂಬ ಮಾತಿದ್ದರೆ ದೆಹಲಿ–ಕೊಲಂಬೊ ಕಥೆಯಷ್ಟೇ ಸಾಲದು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಎರಡನೇ ಶೃಂಗಸಭೆ ನಡೆಯಿತು. ದ್ವಿಪಕ್ಷೀಯ ವಿವಾದಗಳನ್ನು ಚರ್ಚಿಸಬಾರದೆಂಬುದು ಸಾರ್ಕ್‌ನ ನಿಯಮ. ಆದರೆ ಅದೇ ಸಂದರ್ಭದಲ್ಲಿ ರಾಜೀವ್ ಮತ್ತು ಜಯವರ್ಧನೆ ಭೇಟಿಯಾದರು, ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನೂ ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದು ಮಾತುಕತೆ ನಡೆಸಲಾಯಿತು. ಎರಡು ವರ್ಷಗಳ ಬಳಿಕ, 1988ರ ನವೆಂಬರ್ 3ರಂದು, ಲಂಕೆಯ ತಮಿಳು ಸಶಸ್ತ್ರ ಗುಂಪಾದ ಪ್ಲಾಟ್‌ನ ಬಾಡಿಗೆ ಬಂಟರನ್ನು ಬಳಸಿ ಮಾಲ್ಡೀವ್ಸ್‌ನಲ್ಲಿ ಕ್ಷಿಪ್ರಕ್ರಾಂತಿಗೆ ಯತ್ನಿಸಲಾಯಿತು; ಆಗ್ರಾದಿಂದ ಹಾರಿದ ಭಾರತದ ಪ್ಯಾರಾ ಯೋಧರು ಅದನ್ನು ವಿಫಲಗೊಳಿಸಿದರು. 1989ರಲ್ಲಿ ಕೊಲಂಬೊದಲ್ಲಿ ನಡೆಯಬೇಕಿದ್ದ ಸಾರ್ಕ್ ಶೃಂಗಸಭೆ ಭಾರತೀಯ ಪಡೆಯ ವಿವಾದದ ನಡುವೆ ನಡೆಯಲಿಲ್ಲ. ಮುಂದಿನ ಶೃಂಗಸಭೆ 1990ರಲ್ಲಿ ಮಾಲೆಯಲ್ಲಿ ಸೇರಿತು.

1991ರ ನಂತರದ ಮೌನವನ್ನು ಓದುವುದು

1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಗಾಂಧಿ ಹತ್ಯೆಯಾಯಿತು. ಹಂತಕರ ತಂಡದ ಶಿವರಸನ್ ಮತ್ತು ಸಂಗಡಿಗರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಪೊಲೀಸರು ಸುತ್ತುವರಿದಾಗ ಸತ್ತರು. 1992ರಲ್ಲಿ ಭಾರತ ಎಲ್‌ಟಿಟಿಇಯನ್ನು ನಿಷೇಧಿಸಿತು. ಅಲ್ಲಿಂದ ಮುಂದೆ ದೆಹಲಿ ದೂರ ಉಳಿಯಿತು ಎಂದು ಬರೆಯುವುದು ವಾಡಿಕೆ. ಮಧ್ಯಸ್ಥಿಕೆಯನ್ನು ನಾರ್ವೆ ವಹಿಸಿಕೊಂಡು 2002ರ ಫೆಬ್ರವರಿಯಲ್ಲಿ ಲಂಕಾ ಸರ್ಕಾರ ಮತ್ತು ಎಲ್‌ಟಿಟಿಇ ನಡುವೆ ಕದನವಿರಾಮ ಮಾಡಿಸಿದ್ದು ನಿಜವೇ. ಆದರೆ ಸೈನ್ಯದ ದಾರಿ ಮುಚ್ಚಿದಾಗ ಭಾರತ ವ್ಯಾಪಾರದ ದಾರಿ ಹಿಡಿಯಿತು ಎಂದು ಬರೆದರೆ ಉತ್ತರ ಹೆಚ್ಚು ನಿಖರವಾಗುತ್ತದೆ. 1998ರ ಡಿಸೆಂಬರ್‌ನಲ್ಲಿ ವಾಜಪೇಯಿ ಮತ್ತು ಲಂಕೆಯ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು.

ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ ಕಡೆಯ ವಿದ್ಯಾರ್ಥಿಗಳು ಇಲ್ಲಿ ಕಿವಿಗೊಡಬೇಕು. ಈ ಒಪ್ಪಂದದ ಸುಂಕ ರಿಯಾಯಿತಿಯಡಿ ಲಂಕೆಯಿಂದ ಅಡಿಕೆ ಬರುತ್ತದೆ. ಬೇರೆ ದೇಶಗಳ ಅಡಿಕೆಯೂ ಲಂಕೆಯ ಹೆಸರು ಹೊತ್ತು ಬಂದು ಇಲ್ಲಿನ ಧಾರಣೆ ಬೀಳಿಸುತ್ತದೆ ಎಂಬುದು ನಮ್ಮ ಬೆಳೆಗಾರರ ಬಹುಕಾಲದ ದೂರು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ನೆರೆಯವರನ್ನು ಒಲಿಸಿಕೊಳ್ಳಲು ದೆಹಲಿ ಕೊಡುವ ರಿಯಾಯಿತಿಯ ಭಾರ ಯಾವ ತಾಲ್ಲೂಕಿನ ಮೇಲೆ ಬೀಳುತ್ತದೆ ಎಂಬುದು ಸೆಮಿನಾರ್ ಪ್ರಬಂಧಕ್ಕೆ ಒಳ್ಳೆಯ ವಿಷಯ. ಮನೆಯವರನ್ನೂ ಮಂಡಿಯವರನ್ನೂ ಮಾತನಾಡಿಸಿ ಬರೆಯಬಹುದು.

ಮತದ ಪಟ್ಟಿ ಮಾಡಿಕೊಳ್ಳಿ

ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಕೊನೆಯ ವರ್ಷಗಳಲ್ಲಿ ಲಂಕೆಗೆ ಚೀನಾ, ಪಾಕಿಸ್ತಾನಗಳಿಂದ ಶಸ್ತ್ರಾಸ್ತ್ರ ಬಂತು. ಚೀನಾದ ಸಾಲದಲ್ಲಿ ಹಂಬನತೋಟ ಬಂದರಿನ ಕಾಮಗಾರಿ 2008ರಲ್ಲಿ ಆರಂಭವಾಯಿತು, 2017ರಲ್ಲಿ ಅದು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಯ ಪಾಲಾಯಿತು. ಈ ಹಿನ್ನೆಲೆಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ಲಂಕೆಯ ಕುರಿತ ನಿರ್ಣಯಗಳ ಮೇಲೆ ಭಾರತ ಹಾಕಿದ ಮತಗಳನ್ನು ಬರೆದುಕೊಳ್ಳಿ: 2009ರಲ್ಲಿ ಲಂಕೆಯ ಪರ, 2012 ಮತ್ತು 2013ರಲ್ಲಿ ವಿರುದ್ಧ, 2014, 2021 ಮತ್ತು 2022ರಲ್ಲಿ ಮತದಾನದಿಂದ ದೂರ. ಪ್ರತಿ ವರ್ಷದ ಪಕ್ಕದಲ್ಲಿ ದೆಹಲಿಯ ಸರ್ಕಾರ ಯಾರ ಬೆಂಬಲದ ಮೇಲೆ ನಿಂತಿತ್ತು ಎಂದು ಸೇರಿಸಿ. 2013ರ ಮಾರ್ಚ್‌ನಲ್ಲಿ ಡಿಎಂಕೆ ಇದೇ ವಿಷಯಕ್ಕೆ ದೆಹಲಿಯ ಆಡಳಿತ ಮೈತ್ರಿಕೂಟವಾದ ಯುಪಿಎಯಿಂದ ಹೊರನಡೆಯಿತು. ನವೆಂಬರ್‌ನಲ್ಲಿ ಕೊಲಂಬೊದ ಕಾಮನ್‌ವೆಲ್ತ್ ಸಭೆಗೆ ಮನಮೋಹನ್ ಸಿಂಗ್ ಹೋಗಲಿಲ್ಲ.

ಆದರೆ ಎಲ್ಲವನ್ನೂ ಮೈತ್ರಿ ರಾಜಕೀಯದ ತಲೆಗೆ ಕಟ್ಟಬೇಡಿ. 2014ರ ನಿರ್ಣಯದಲ್ಲಿ ಅಂತರರಾಷ್ಟ್ರೀಯ ತನಿಖೆಯ ಮಾತಿತ್ತು, ಅದು ದೇಶದ ಸಾರ್ವಭೌಮತ್ವದೊಳಗೆ ಕೈಹಾಕುತ್ತದೆ ಎಂದು ಭಾರತ ಆಕ್ಷೇಪಿಸಿತು. ತಮಿಳುನಾಡಿನ ಮತದಾನಕ್ಕೆ ಎರಡು ವಾರವಷ್ಟೇ ಇದ್ದ 2021ರ ಮಾರ್ಚ್‌ನಲ್ಲೂ ಸ್ವಂತ ಬಹುಮತದ ಸರ್ಕಾರ ಮತ ಹಾಕದೆ ಉಳಿದು, ತಮಿಳರ ಘನತೆ ಮತ್ತು ಲಂಕೆಯ ಅಖಂಡತೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತು. ಮೊದಲು ಹೇಳಿದ ಇಬ್ಬಂದಿ ಇಲ್ಲಿಯೂ ಕಾಣುತ್ತದೆ.

ಬರೆಯುವಾಗ ಪಕ್ಷ ವಹಿಸುವ ಆತುರ ಬೇಡ. ಯುದ್ಧದ ಕೊನೆಯ ಹಂತದಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ಪರಿಣತರ ಸಮಿತಿ 2011ರಲ್ಲಿ ಹೇಳಿದೆ, ಲಂಕಾ ಸರ್ಕಾರ ಅದನ್ನು ಅಲ್ಲಗಳೆದಿದೆ. ಅಂಕಿಯನ್ನು ಬಳಸುವಾಗ ಹೇಳಿದವರ ಹೆಸರನ್ನೂ ಅಲ್ಲಗಳೆದವರ ಹೆಸರನ್ನೂ ಜೊತೆಗೇ ಬರೆಯಿರಿ. ಎಲ್‌ಟಿಟಿಇ ಮಕ್ಕಳನ್ನು ಯುದ್ಧಕ್ಕೆ ಎಳೆದದ್ದನ್ನೂ, 1990ರ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಮುಸ್ಲಿಮರನ್ನು ಮನೆಮಠ ಬಿಡಿಸಿ ಓಡಿಸಿದ್ದನ್ನೂ ಬಿಡಬಾರದು. ಸಿಂಹಳ–ತಮಿಳು ಎಂಬ ಎರಡೇ ಪಂಗಡಗಳ ಕಥೆಯಾಗಿ ಬರೆದರೆ ಈ ಮೂರನೆಯವರ ನೋವು ದಾಖಲೆಯಿಂದಲೇ ಅಳಿಸಿಹೋಗುತ್ತದೆ.

ಇಷ್ಟು ಕೈವಶವಾದ ಮೇಲೆ ಇದೇ ಪ್ರಶ್ನೆಗಳನ್ನು ಮ್ಯಾನ್ಮಾರ್‌ಗೆ ಹಚ್ಚಿ ನೋಡಿ. ತಮಿಳುನಾಡಿನ ಜಾಗದಲ್ಲಿ ಮಿಜೋರಾಂ ಇಡಿ: 2021ರ ಸೇನಾ ದಂಗೆಯ ನಂತರ ಗಡಿ ದಾಟಿ ಬಂದ ಚಿನ್ ಜನಾಂಗದ ನಿರಾಶ್ರಿತರನ್ನು ಒಳಬಿಡಬಾರದೆಂದು ಕೇಂದ್ರ ಸೂಚಿಸಿದರೂ, ಅವರು ನಮ್ಮ ರಕ್ತಸಂಬಂಧಿಗಳೆಂದು ಆ ರಾಜ್ಯ ಆಶ್ರಯ ಕೊಟ್ಟಿತು. ಟ್ರಿಂಕೋಮಲಿಯ ಜಾಗದಲ್ಲಿ ಭಾರತ ಕಟ್ಟಿಸಿದ ಸಿತ್ವೆ ಬಂದರು ಮತ್ತು ಅಲ್ಲಿಂದ ಮಿಜೋರಾಂವರೆಗೆ ದಾರಿ ಮಾಡುವ ಕಲಾದಾನ್ ಯೋಜನೆಯನ್ನು ಇಡಿ. ಆ ಮಾರ್ಗದ ಪಲೆತ್ವಾ ಪಟ್ಟಣ 2024ರ ಜನವರಿಯಿಂದ ಅಲ್ಲಿನ ಸಶಸ್ತ್ರ ಬಂಡುಕೋರ ಗುಂಪಾದ ಅರಾಕನ್ ಆರ್ಮಿಯ ಕೈಯಲ್ಲಿದೆ. ಮೂರನೆಯ ಪ್ರಶ್ನೆಗೆ, ಅಂದರೆ ಈಶಾನ್ಯದ ಪ್ರತ್ಯೇಕತಾವಾದದ ಅಂಜಿಕೆಗೆ, ಗಡಿಯ ಎರಡೂ ಬದಿಯವರು ವೀಸಾ ಇಲ್ಲದೆ ಓಡಾಡಬಹುದಾಗಿದ್ದ ಮುಕ್ತ ಸಂಚಾರ ವ್ಯವಸ್ಥೆಯನ್ನು ಕೊನೆಗೊಳಿಸುವ 2024ರ ಫೆಬ್ರವರಿಯ ಘೋಷಣೆಯಿಂದ ಆರಂಭಿಸಿ ನೀವೇ ಎರಡು ಪುಟ ಉತ್ತರ ಬರೆಯಿರಿ.